ಗೇಶಾ ಆಗುವ ದಾರಿ: ಬಿಳಿ ಬಣ್ಣದ ಹಿಂದಿನ ಆರು ವರ್ಷ

ಜಪಾನ್ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವ ಚಿತ್ರಗಳು ಮೂರೋ ನಾಲ್ಕೋ. ಫುಜಿ ಪರ್ವತ, ಚೆರಿ ಹೂವು, ಬುಲೆಟ್ ರೈಲು. ಇವುಗಳ ಜೊತೆಗೆ ಸುಣ್ಣ ಬಳಿದಂತೆ ಬೆಳ್ಳಗಿನ ಮುಖ, ಕೆಂಪು ತುಟಿ, ಮುಡಿಯಿಂದ ಇಳಿಬಿದ್ದ ಹೂಗೊಂಚಲು, ಬೆನ್ನ ಹಿಂದೆ ಜೋತಾಡುವ ಉದ್ದನೆಯ ರೇಷ್ಮೆ ಪಟ್ಟಿಯ ಒಬ್ಬ ಹುಡುಗಿ. ಕ್ಯಾಲೆಂಡರಿನಲ್ಲಿ, ಪ್ರವಾಸಿ ಪುಸ್ತಕಗಳ ಮುಖಪುಟದಲ್ಲಿ ಆಕೆಯನ್ನು ಕಂಡವರೆಲ್ಲ ‘ಗೇಶಾ’ ಎಂದು ಗುರುತಿಸುತ್ತಾರೆ. ಆದರೆ ಆ ಚಿತ್ರದಲ್ಲಿರುವವಳು ಬಹುತೇಕ ಗೇಶಾ ಅಲ್ಲ. ಆಕೆ ಇನ್ನೂ ವಿದ್ಯಾರ್ಥಿನಿ. ಗೇಶಾ ಆಗುವುದಕ್ಕಾಗಿ ಕಲಿಯುತ್ತಿರುವ ಹದಿನೇಳೋ ಹದಿನೆಂಟೋ ವರ್ಷದ ಹುಡುಗಿ.

ಪೂರ್ಣ ಪ್ರಮಾಣದ ಗೇಶಾಳನ್ನು ಬೀದಿಯಲ್ಲಿ ಕಂಡರೆ ಹೊರಗಿನವರಿಗೆ ಗುರುತೇ ಸಿಗದಿರಬಹುದು. ಆಕೆಯ ಕಿಮೊನೊದ ಬಣ್ಣ ತಣ್ಣಗಿರುತ್ತದೆ, ತೋಳು ಗಿಡ್ಡವಾಗಿರುತ್ತದೆ, ಮುಡಿಯಲ್ಲಿ ಒಂದು ಬಾಚಣಿಗೆ, ಒಂದೆರಡು ಪಿನ್ನು. ವಯಸ್ಸಾದ ಗೇಶಾ ಎಷ್ಟೋ ಸಂದರ್ಭಗಳಲ್ಲಿ ಬಿಳಿ ಬಣ್ಣವನ್ನೂ ಹಚ್ಚುವುದಿಲ್ಲ. ಅಂದರೆ ಈ ವೃತ್ತಿಯಲ್ಲಿ ಮೇಲೇರಿದಂತೆ ಅಲಂಕಾರ ಇಳಿಯುತ್ತದೆ. ಕಲೆ ಕೈಗೆ ಬರುವವರೆಗೆ ಉಡುಪು ಮಾತಾಡುತ್ತದೆ. ಕಲೆ ಬಂದ ಮೇಲೆ ಉಡುಪು ಸುಮ್ಮನಾಗುತ್ತದೆ. ಗೇಶಾ ಆಗಲು ಏನು ಬೇಕು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದರೆ ಈ ವಿಚಿತ್ರವನ್ನು ಮೊದಲು ಅರ್ಥ ಮಾಡಿಕೊಳ್ಳಬೇಕು. ಜೊತೆಗೆ ಇನ್ನೊಂದನ್ನೂ ಕೇಳಬೇಕು: ಆ ಅಲಂಕಾರದ ವರ್ಷಗಳ ಬೆಲೆಯನ್ನು ತೆರುವವರು ಯಾರು?

ಮೊದಲ ಗೇಶಾ ಗಂಡಸು!

‘ಗೇ’ ಎಂದರೆ ಕಲೆ, ‘ಶಾ’ ಎಂದರೆ ವ್ಯಕ್ತಿ. ಗೇಶಾ ಎಂದರೆ ಕಲೆ ಬಲ್ಲ ವ್ಯಕ್ತಿ, ಅಷ್ಟೆ. ಆ ಶಬ್ದದಲ್ಲಿ ಹೆಣ್ಣು ಗಂಡು ಎಂಬ ಭೇದವಿಲ್ಲ. ಅಚ್ಚರಿಯೆಂದರೆ ಈ ಹೆಸರಿನಿಂದ ಕರೆಸಿಕೊಂಡ ಮೊದಲಿಗರು ಗಂಡಸರು. ಔತಣಕೂಟಗಳಲ್ಲಿ ಹಾಡಿ, ಹಾಸ್ಯ ಮಾಡಿ, ಡೋಲು ಬಾರಿಸಿ ಅತಿಥಿಗಳನ್ನು ನಗಿಸುತ್ತಿದ್ದ ಇವರನ್ನು ‘ತೈಕೊಮೊಚಿ’ ಎಂದೂ ಕರೆಯುತ್ತಿದ್ದರು. ಹದಿನೆಂಟನೆಯ ಶತಮಾನದ ನಡುವಿನಲ್ಲಿ ಹೆಂಗಸರು ಈ ಕೆಲಸಕ್ಕೆ ಬಂದರು. ಶತಮಾನ ಮುಗಿಯುವ ಹೊತ್ತಿಗೆ ಗಂಡಸರನ್ನು ಸಂಖ್ಯೆಯಲ್ಲಿ ಹಿಂದೆ ಹಾಕಿದ್ದರು. ಇಂದು ಜಪಾನಿನಲ್ಲಿ ಉಳಿದಿರುವ ಗಂಡು ಗೇಶಾಗಳನ್ನು ಬೆರಳೆಣಿಕೆಯಲ್ಲಿ ಲೆಕ್ಕ ಹಾಕಬಹುದು.

ಆಗಿನ ಎಡೊ ನಗರದಲ್ಲಿ, ಅಂದರೆ ಇಂದಿನ ಟೋಕಿಯೊದಲ್ಲಿ, ಯೋಶಿವಾರಾ ಎಂಬ ಪರವಾನಗಿ ಪಡೆದ ವೇಶ್ಯಾವಾಟಿಕೆ ಇತ್ತು. ಅಲ್ಲಿ ಉನ್ನತ ದರ್ಜೆಯ ‘ಓಯಿರಾನ್’ ಎಂಬ ಗಣಿಕೆಯರಿದ್ದರು. ಗೇಶಾಗಳು ಅಲ್ಲಿ ಹಾಡು ನೃತ್ಯಗಳಿಗೆ ಬರುತ್ತಿದ್ದರು. ಇಬ್ಬರ ಕೆಲಸ ಬೆರೆಯಬಾರದೆಂದು 1779ರಲ್ಲಿ ಯೋಶಿವಾರಾದಲ್ಲಿ ಗೇಶಾಗಳ ನೋಂದಣಿ ಕಚೇರಿಯೊಂದನ್ನು ತೆರೆಯಲಾಯಿತು. ಗೇಶಾ ಸಾದಾ ಉಡುಪು ತೊಡಬೇಕು, ಮುಡಿಯ ಒಡವೆ ಮಿತವಾಗಿರಬೇಕು, ಅತಿಥಿಗಳಿಗೆ ತೀರ ಹತ್ತಿರ ಕೂರಬಾರದು ಎಂಬ ಕಟ್ಟುಪಾಡುಗಳು ಬಂದವು. ಗಣಿಕೆಯರ ವ್ಯಾಪಾರಕ್ಕೆ ಧಕ್ಕೆ ಬಾರದಿರಲಿ ಎಂದು ಮಾಡಿದ ನಿಯಮಗಳಿವು. ಕಾಲಾಂತರದಲ್ಲಿ ಗೇಶಾಗಳು ಆ ಸಾದಾತನವನ್ನೇ ತಮ್ಮ ಘನತೆಯ ಗುರುತಾಗಿ ಮಾಡಿಕೊಂಡರು. ಇಬ್ಬರನ್ನೂ ಬೇರ್ಪಡಿಸುವ ಸುಲಭದ ಗುರುತು ಒಂದಿದೆ. ಓಯಿರಾನ್ ತನ್ನ ನಡುಪಟ್ಟಿಯನ್ನು ಮುಂದೆ ಗಂಟು ಹಾಕುತ್ತಿದ್ದಳು. ಗೇಶಾ ಹಿಂದೆ ಕಟ್ಟುತ್ತಾಳೆ.

ಗೇಶಾ ಎಂದರೆ ವೇಶ್ಯೆ ಎಂಬ ಕಲ್ಪನೆ ಹೊರಜಗತ್ತಿನಲ್ಲಿ ಗಟ್ಟಿಯಾದದ್ದು ಎರಡನೆಯ ಮಹಾಯುದ್ಧದ ನಂತರ. ಸೋತ ಜಪಾನಿಗೆ ಬಂದಿಳಿದ ಅಮೆರಿಕನ್ ಸೈನಿಕರ ಮುಂದೆ, ಹೊಟ್ಟೆಪಾಡಿಗಾಗಿ ಬೀದಿಗೆ ಬಂದ ಎಷ್ಟೋ ಹೆಂಗಸರು ತಮ್ಮನ್ನು ‘ಗೇಶಾ ಗರ್ಲ್’ ಎಂದು ಕರೆದುಕೊಂಡರು. 1956ರಲ್ಲಿ ವೇಶ್ಯಾವೃತ್ತಿ ತಡೆ ಕಾಯ್ದೆ ಬಂದು, 1958ರಲ್ಲಿ ಅದರ ಶಿಕ್ಷೆಯ ಭಾಗ ಜಾರಿಯಾದಾಗ ವೇಶ್ಯಾವಾಟಿಕೆಗಳು ಬಾಗಿಲು ಹಾಕಿದವು. ಗೇಶಾ ಬೀದಿಗಳು ಉಳಿದುಕೊಂಡವು. ಕಾನೂನಿನ ಕಣ್ಣಿನಲ್ಲಿಯೂ ಇವೆರಡು ಬೇರೆ ಬೇರೆ ಎಂಬುದಕ್ಕೆ ಇದು ಸಾಕ್ಷಿ.

ಮಾರಾಟದ ದಿನಗಳು

ಹಾಗೆಂದು ಗೇಶಾ ಲೋಕ ಬರಿಯ ಸಂಗೀತ ನೃತ್ಯಗಳ ನಿರ್ಮಲ ಲೋಕವಾಗಿತ್ತು ಎನ್ನುವುದೂ ಸರಿಯಲ್ಲ. ಯುದ್ಧಕ್ಕೆ ಮೊದಲು ಬಹಳಷ್ಟು ಹುಡುಗಿಯರು ಇಲ್ಲಿಗೆ ಬಂದದ್ದು ಕಲೆಯ ಮೋಹದಿಂದಲ್ಲ, ಮನೆಯ ಬಡತನದಿಂದ. ತಂದೆ ಗೇಶಾ ಮನೆಯಿಂದ ಮುಂಗಡ ಹಣ ಪಡೆಯುತ್ತಿದ್ದ. ಮಗಳು ಆ ಸಾಲ ತೀರುವವರೆಗೆ ಅಲ್ಲಿ ದುಡಿಯಬೇಕಿತ್ತು. ಆಕೆಯ ಊಟ, ಬಟ್ಟೆ, ಪಾಠದ ಖರ್ಚು ಎಲ್ಲವೂ ಆ ಸಾಲದ ಲೆಕ್ಕಕ್ಕೇ ಸೇರುತ್ತಿದ್ದುದರಿಂದ ಅದು ತೀರುವುದೆಂದು? ಹಣವಂತನಾದ ಒಬ್ಬ ಪೋಷಕ ಮುಂದೆ ಬಂದು ಖರ್ಚು ವಹಿಸಿಕೊಳ್ಳುವುದು ಒಂದು ದಾರಿ. ಆ ಪೋಷಕನಿಗೆ ‘ದಾನ್ನಾ’ ಎಂದು ಹೆಸರು. ಅವನ ಆಯ್ಕೆಯಲ್ಲಿ ಹುಡುಗಿಯ ಇಚ್ಛೆಗೆ ಎಲ್ಲ ಕಡೆಯೂ ಬೆಲೆ ಇತ್ತೆಂದು ಹೇಳುವಂತಿಲ್ಲ.

ಸಾಯೊ ಮಸುದಾ ಎಂಬಾಕೆಯ ಬದುಕು ಇದಕ್ಕೆ ನಿದರ್ಶನ. 1925ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ಶಿಶುಪಾಲನೆಯ ಆಳಾಗಿ ದುಡಿದು, ಹನ್ನೆರಡನೆಯ ವಯಸ್ಸಿನಲ್ಲಿ ಸುವಾ ಎಂಬ ಬಿಸಿನೀರ ಬುಗ್ಗೆಗಳ ಊರಿನ ಗೇಶಾ ಮನೆಗೆ ಮಾರಾಟವಾದರು. ಶಾಲೆಯ ಮುಖ ಕಾಣದ ಆ ಹೆಂಗಸು ದೊಡ್ಡವಳಾದ ಮೇಲೆ ಅಕ್ಷರ ಕಲಿತು ತಮ್ಮ ಕಥೆಯನ್ನು ತಾವೇ ಬರೆದರು. 1957ರಲ್ಲಿ ಪುಸ್ತಕವಾಗಿ ಬಂದ ಆ ಆತ್ಮಕಥೆಯಲ್ಲಿ ಚೆರಿ ಹೂವಿಗಿಂತ ಹಸಿವು, ಹೊಡೆತಗಳೇ ಹೆಚ್ಚು. ಬಿಸಿನೀರ ಊರುಗಳ ಗೇಶಾ ಬದುಕಿಗೂ ಕ್ಯೋಟೊದ ಪ್ರತಿಷ್ಠಿತ ಬೀದಿಗಳ ಬದುಕಿಗೂ ಅಜಗಜಾಂತರ ಇತ್ತು ಎಂಬುದು ನಿಜ. ಆದರೆ ಮುಂಗಡ ಸಾಲದ ಹಗ್ಗ ಎರಡೂ ಕಡೆ ಇತ್ತು.

ಈ ಹಗ್ಗವನ್ನು ಕಡಿಯುವ ಪ್ರಯತ್ನ ಮೊದಲು ನಡೆದದ್ದು 1872ರಲ್ಲಿ. ಚೀನೀ ಕೂಲಿಗಳನ್ನು ಸಾಗಿಸುತ್ತಿದ್ದ ‘ಮರಿಯಾ ಲೂಸ್’ ಎಂಬ ಹಡಗನ್ನು ಜಪಾನ್ ಸರ್ಕಾರ ತಡೆದು ಕೂಲಿಗಳನ್ನು ಬಿಡಿಸಿತು. ಆಗ ಎದುರು ಪಕ್ಷದವರು, ನಿಮ್ಮ ದೇಶದಲ್ಲೇ ಹೆಣ್ಣುಮಕ್ಕಳನ್ನು ಮಾರುವುದಿಲ್ಲವೇ ಎಂದು ಕೇಳಿದರು. ಮುಜುಗರಕ್ಕೊಳಗಾದ ಸರ್ಕಾರ ಅದೇ ವರ್ಷ ವೇಶ್ಯೆಯರನ್ನೂ ಗೇಶಾಗಳನ್ನೂ ಜೀತದಿಂದ ಬಿಡುಗಡೆ ಮಾಡಿತು. ಆ ಆದೇಶ ಹೂಡಿದ ತರ್ಕ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಈ ಹೆಂಗಸರು ಮನುಷ್ಯರ ಹಕ್ಕುಗಳನ್ನು ಕಳೆದುಕೊಂಡಿರುವುದರಿಂದ ದನ ಕುದುರೆಗಳಿಗೆ ಸಮಾನರು; ದನ ಕುದುರೆಗಳಿಂದ ಸಾಲ ವಸೂಲಿ ಮಾಡಲು ಬರುವುದಿಲ್ಲ; ಆದ್ದರಿಂದ ಸಾಲ ರದ್ದು! ‘ದನ ಕುದುರೆಗಳ ಕಟ್ಟು ಬಿಚ್ಚುವ ಆದೇಶ’ ಎಂದೇ ಜನ ಅದನ್ನು ಕರೆದರು. ಕೆಲವೇ ದಿನಗಳಲ್ಲಿ ಹಳೆಯ ಪದ್ಧತಿ ಹೊಸ ಹೆಸರಿನಲ್ಲಿ ಮರಳಿತು.

ನಿಜವಾದ ಬದಲಾವಣೆ ಬಂದದ್ದು ಯುದ್ಧದ ನಂತರ. 1947ರಲ್ಲಿ ಒಂಬತ್ತು ವರ್ಷಗಳ ಶಿಕ್ಷಣ ಕಡ್ಡಾಯವಾಯಿತು. ಅದೇ ವರ್ಷದ ಕಾರ್ಮಿಕ ಕಾಯ್ದೆ, ಮುಂಗಡ ಸಾಲವನ್ನು ಕೂಲಿಯಲ್ಲಿ ಮುರಿದುಕೊಳ್ಳುವುದನ್ನು ನಿಷೇಧಿಸಿತು. 1955ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ಹದಿನಾರು ತುಂಬದ ಮಗಳನ್ನು ಮದ್ಯ ಬಡಿಸುವ ಕೆಲಸಕ್ಕೆ ಒಪ್ಪಿಸಿ ತಂದೆ ಪಡೆದ ಸಾಲದ ಪ್ರಕರಣ ಅದು. ಇಂಥ ಕರಾರು ಪೂರ್ತಿಯಾಗಿ ಅಸಿಂಧು, ಸಾಲವನ್ನೂ ಹಿಂದಕ್ಕೆ ಕೇಳುವಂತಿಲ್ಲ ಎಂದು ನ್ಯಾಯಾಲಯ ತೀರ್ಪಿತ್ತಿತು.

ಹದಿನೈದರ ಹೊಸ್ತಿಲು

ಹಾಗಾದರೆ ಇಂದು ಗೇಶಾ ಆಗುವವರು ಯಾರು? ಕ್ಯೋಟೊ ನಗರವನ್ನೇ ನೋಡೋಣ. ಈ ಕಲೆಯ ಸಂಪ್ರದಾಯ ಅತ್ಯಂತ ಬಿಗಿಯಾಗಿ ಉಳಿದಿರುವುದು ಇಲ್ಲಿಯೇ. ಗೇಶಾಗಳು ವಾಸಿಸಿ ಕೆಲಸ ಮಾಡುವ ಬಡಾವಣೆಗೆ ‘ಹೂವಿನ ಬೀದಿ’ ಎಂದು ಹೆಸರು. ಗಿಯಾನ್ ಕೋಬು, ಗಿಯಾನ್ ಹಿಗಾಶಿ, ಪೊಂಟೊಚೊ, ಮಿಯಾಗಾವಾಚೊ, ಕಾಮಿಶಿಚಿಕೆನ್ ಎಂಬ ಐದು ಹೂಬೀದಿಗಳು ಇಲ್ಲಿವೆ. ಕ್ಯೋಟೊದಲ್ಲಿ ಗೇಶಾಳನ್ನು ‘ಗೇಕೊ’ ಎಂದೂ ಕಲಿಯುವ ಹುಡುಗಿಯನ್ನು ‘ಮೈಕೊ’ ಎಂದೂ ಕರೆಯುತ್ತಾರೆ. ಮೈಕೊ ಎಂದರೆ ನೃತ್ಯದ ಹುಡುಗಿ.

ಹದಿನೈದನೆಯ ವಯಸ್ಸಿನಲ್ಲಿ ಮಾಧ್ಯಮಿಕ ಶಾಲೆ ಮುಗಿಸಿದ ಹುಡುಗಿ ತಂದೆತಾಯಿಯ ಒಪ್ಪಿಗೆಯೊಂದಿಗೆ ‘ಓಕಿಯಾ’ ಎಂಬ ಗೇಶಾ ಮನೆಯನ್ನು ಸೇರುತ್ತಾಳೆ. ಇಂದು ಬರುವ ಹೆಚ್ಚಿನವರು ಕ್ಯೋಟೊದವರೇ ಅಲ್ಲ; ಬೇರೆ ಬೇರೆ ಪ್ರಾಂತ್ಯಗಳ ಸಾಮಾನ್ಯ ಮನೆಗಳ ಮಕ್ಕಳು. ನೃತ್ಯದ ಮೇಲಿನ ಆಸೆ, ಟಿವಿಯಲ್ಲಿ ಕಂಡ ಕಾರ್ಯಕ್ರಮ, ಶಾಲೆಯ ಪ್ರವಾಸದಲ್ಲಿ ಕಂಡ ಒಬ್ಬ ಮೈಕೊ ಇಂಥವು ಅವರನ್ನು ಎಳೆದು ತರುತ್ತವೆ. ಅಂದು ತಂದೆ ಹಾಕುತ್ತಿದ್ದ ಸಹಿ ಹಣ ಪಡೆದದ್ದಕ್ಕೆ ರಶೀದಿಯಾಗಿತ್ತು. ಇಂದು ಅದೇ ಸಹಿ ಮಗಳ ಹಟಕ್ಕೆ ಕೊಟ್ಟ ಸಮ್ಮತಿ. ಎಷ್ಟೋ ಮನೆಗಳಲ್ಲಿ ಈ ಸಹಿಗಾಗಿ ಮಗಳು ತಿಂಗಳುಗಟ್ಟಲೆ ಕಾಡಬೇಕಾಗುತ್ತದೆ.

ಓಕಿಯಾದ ಯಜಮಾನಿಯನ್ನು ‘ಓಕಾಸಾನ್’, ಅಂದರೆ ಅಮ್ಮ ಎಂದು ಕರೆಯಬೇಕು. ಹಿರಿಯ ಹುಡುಗಿಯರೆಲ್ಲ ಅಕ್ಕಂದಿರು. ವಯಸ್ಸಿನಲ್ಲಿ ಕಿರಿಯಳಾದರೂ ಒಂದು ದಿನ ಮೊದಲು ಪಾದಾರ್ಪಣೆ ಮಾಡಿದವಳು ಅಕ್ಕನೇ. ಮೊದಲ ಹಂತದ ಹೆಸರು ‘ಶಿಕೊಮಿ’. ಸುಮಾರು ಒಂದು ವರ್ಷ ನಡೆಯುತ್ತದೆ. ಈ ವರ್ಷ ಬಿಳಿ ಬಣ್ಣವಿಲ್ಲ, ರೇಷ್ಮೆಯಿಲ್ಲ. ಕಸ ಗುಡಿಸುವುದು, ಅಕ್ಕಂದಿರ ಉಡುಪು ಮಡಿಸುವುದು, ಅವರು ತಡರಾತ್ರಿ ಕೂಟ ಮುಗಿಸಿ ಬರುವವರೆಗೆ ಕಾದು ಬಾಗಿಲು ತೆರೆಯುವುದು, ಬೆಳಿಗ್ಗೆ ಎದ್ದು ನೃತ್ಯದ ಪಾಠಕ್ಕೆ ಓಡುವುದು. ನಡಿಗೆ, ನಮಸ್ಕಾರ, ಬಾಗಿಲು ಸರಿಸುವ ರೀತಿ ಎಲ್ಲವನ್ನೂ ಹೊಸದಾಗಿ ಕಲಿಯಬೇಕು. ಜೊತೆಗೆ ಮಾತು. ತನ್ನ ಊರಿನ ಆಡುಮಾತನ್ನು ಬಿಟ್ಟು ಕ್ಯೋಟೊದ ಮೃದುವಾದ, ಎಳೆದಾಡುವ ಹಳೆಯ ಧಾಟಿಯನ್ನು ನಾಲಗೆಗೆ ತಂದುಕೊಳ್ಳಬೇಕು. ಈ ಒಂದು ವರ್ಷದಲ್ಲಿಯೇ ಬಹಳ ಹುಡುಗಿಯರು ಗಂಟುಮೂಟೆ ಕಟ್ಟಿ ಊರಿಗೆ ಮರಳುತ್ತಾರೆ.

ನೃತ್ಯದ ಪರೀಕ್ಷೆಯಲ್ಲಿ ತೇರ್ಗಡೆಯಾದವಳಿಗೆ ‘ಮಿನಾರಾಯಿ’ ಹಂತ. ನೋಡಿ ಕಲಿಯುವುದು ಎಂಬುದೇ ಈ ಪದದ ಅರ್ಥ. ಸುಮಾರು ಒಂದು ತಿಂಗಳು ಆಕೆ ಅರ್ಧ ಉದ್ದದ ನಡುಪಟ್ಟಿ ಕಟ್ಟಿಕೊಂಡು ಕೂಟಗಳಲ್ಲಿ ಮೂಲೆಯಲ್ಲಿ ಕೂರುತ್ತಾಳೆ. ಅಕ್ಕಂದಿರು ಹೇಗೆ ಮಾತು ತೆಗೆಯುತ್ತಾರೆ, ಬಟ್ಟಲು ಖಾಲಿಯಾದುದನ್ನು ಹೇಗೆ ಗಮನಿಸುತ್ತಾರೆ, ಕುಡಿದು ಕೂಗಾಡುವವನನ್ನು ನೋಯಿಸದೆ ಹೇಗೆ ಸುಮ್ಮನಾಗಿಸುತ್ತಾರೆ ಎಂದು ನೋಡುವುದೇ ಪಾಠ. ಯಾರೂ ಬಾಯಿಬಿಟ್ಟು ವಿವರಿಸುವುದಿಲ್ಲ.

ಆಮೇಲೆ ‘ಮಿಸೆದಾಶಿ’, ರಂಗಪ್ರವೇಶ. ಅದಕ್ಕೆ ಮೊದಲು ಒಬ್ಬ ಹಿರಿಯ ಗೇಕೊ ಜೊತೆ ಅಕ್ಕ ತಂಗಿಯ ಸಂಬಂಧ ಬೆಸೆಯಬೇಕು. ಮೂರು ಬಟ್ಟಲುಗಳಿಂದ ಮೂರು ಮೂರು ಗುಟುಕು ಅಕ್ಕಿಯ ಮದ್ಯವನ್ನು ಹಂಚಿಕೊಂಡು ಈ ಸಂಬಂಧವನ್ನು ಗಟ್ಟಿ ಮಾಡುತ್ತಾರೆ. ಜಪಾನಿನ ಸಾಂಪ್ರದಾಯಿಕ ಮದುವೆಯಲ್ಲಿ ಗಂಡ ಹೆಂಡತಿ ಮಾಡುವುದೂ ಇದೇ ವಿಧಿಯನ್ನು. ಅಕ್ಕನ ಹೆಸರಿನ ಒಂದು ಅಕ್ಷರ ತಂಗಿಯ ಹೊಸ ಹೆಸರಿಗೆ ಸೇರುತ್ತದೆ. ತಂಗಿ ತಪ್ಪು ಮಾಡಿದರೆ ಮನೆಮನೆಗೆ ಹೋಗಿ ಕ್ಷಮೆ ಕೇಳುವ ಹೊಣೆಯೂ ಅಕ್ಕನದು.

ಉಡುಪಿನ ಲಿಪಿ

ಮೈಕೊ ಆದ ಹುಡುಗಿಯ ವೇಷವನ್ನು ಬಲ್ಲವರು ಪುಸ್ತಕದಂತೆ ಓದಬಲ್ಲರು. ಕೆಳತುಟಿಗೆ ಮಾತ್ರ ಕೆಂಪು ಹಚ್ಚಿದ್ದರೆ ಮೊದಲ ವರ್ಷದವಳು. ಕೊರಳ ಪಟ್ಟಿ ಅಚ್ಚಗೆಂಪಾಗಿದ್ದರೆ ಹೊಸಬಳು. ಅದರ ಮೇಲೆ ಕಸೂತಿ ತುಂಬಿ ಬಿಳಿ ಹೆಚ್ಚಿದಂತೆ ಹಿರಿಯಳು. ಮುಡಿಯ ಹೂವು ತಿಂಗಳಿಗೊಂದು ಬಗೆ. ಏಪ್ರಿಲ್‌ನಲ್ಲಿ ಚೆರಿ, ನವೆಂಬರಿನಲ್ಲಿ ಮೇಪಲ್ ಎಲೆ. ಐದಾರು ಮೀಟರ್ ಉದ್ದದ ನಡುಪಟ್ಟಿಯ ತುದಿಯಲ್ಲಿ ಆಕೆಯ ಓಕಿಯಾದ ಲಾಂಛನ ನೇಯ್ದಿರುತ್ತದೆ. ಅದನ್ನು ಬಿಗಿದು ಕಟ್ಟಲು ಬಲ ಬೇಕು. ಅದಕ್ಕೆಂದೇ ವೃತ್ತಿಪರ ಗಂಡಸರಿದ್ದಾರೆ. ಹೂಬೀದಿಯ ಮನೆಗಳ ಒಳಗೆ ಸಲುಗೆಯಿಂದ ಹೋಗಿ ಬರುವ ಕೆಲವೇ ಗಂಡಸರಲ್ಲಿ ಇವರು ಸೇರುತ್ತಾರೆ.

ನೋಡಲು ಚೆಂದ, ಹೊರಲು ಭಾರ. ಉಡುಪು, ಪಟ್ಟಿ, ಒಡವೆ ಎಲ್ಲ ಸೇರಿ ಹತ್ತು ಕಿಲೋ ಮೀರುತ್ತದೆ. ಕಾಲಲ್ಲಿ ಸುಮಾರು ಹತ್ತು ಸೆಂಟಿಮೀಟರ್ ಎತ್ತರದ ಮರದ ಪಾದರಕ್ಷೆ. ಮೈಕೊ ತನ್ನ ಸ್ವಂತ ಕೂದಲನ್ನೇ ಕಟ್ಟಿಸಿಕೊಳ್ಳಬೇಕು. ಆ ಕಟ್ಟು ಸುಮಾರು ಒಂದು ವಾರ ಕೆಡದಂತೆ ಉಳಿಯಬೇಕಾದ್ದರಿಂದ ರಾತ್ರಿ ಕತ್ತಿನ ಕೆಳಗೆ ಎತ್ತರದ ದಿಂಬಿಟ್ಟು, ತಲೆ ತಾಗದಂತೆ ಮಲಗಬೇಕು. ವರ್ಷಗಟ್ಟಲೆ ಬಿಗಿದು ಎಳೆದ ಕೂದಲು ನೆತ್ತಿಯ ಮೇಲೆ ಉದುರಿ ಬೋಳು ಕಲೆಯೊಂದು ಉಳಿಯುವುದುಂಟು. ಇದನ್ನು ಅಲ್ಲಿ ‘ಮೈಕೊಗಳ ಪದಕ’ ಎಂದು ತಮಾಷೆ ಮಾಡುತ್ತಾರೆ. ಮುಂದೆ ಗೇಕೊ ಆದಾಗ ಟೋಪನ್ ಧರಿಸುವ ಸೌಲಭ್ಯ ದೊರೆಯುತ್ತದೆ.

ಇಷ್ಟೆಲ್ಲ ಅಲಂಕಾರ ಏಕೆ? ಹುಡುಗಿಗೆ ಇನ್ನೂ ಮಾತು ಬಾರದು, ವಾದ್ಯ ಪಳಗಿಲ್ಲ. ಆಕೆ ಸುಮ್ಮನೆ ಕೂತರೂ ಕೂಟಕ್ಕೆ ಕಳೆ ಬರಲಿ ಎಂಬುದು ಇದರ ಹಿಂದಿನ ಲೆಕ್ಕ. ಇಪ್ಪತ್ತು ಇಪ್ಪತ್ತೊಂದರ ಹೊತ್ತಿಗೆ ‘ಎರಿಕಾಯೆ’, ಅಂದರೆ ಕೊರಳ ಪಟ್ಟಿ ಬದಲಿಸುವ ವಿಧಿ ನಡೆಯುತ್ತದೆ. ಕೆಂಪು ಪಟ್ಟಿ ಹೋಗಿ ಬಿಳಿ ಬರುತ್ತದೆ. ಅದಕ್ಕೆ ಮುಂಚಿನ ಕೆಲವು ದಿನ ವಿಶೇಷ ಮುಡಿ ಕಟ್ಟಿಸಿಕೊಂಡು ಹಲ್ಲಿಗೆ ಕಪ್ಪು ಬಳಿದುಕೊಳ್ಳುವ ಹಳೆಯ ವಾಡಿಕೆ ಈಗಲೂ ಇದೆ. ಅಂದಿನಿಂದ ಆಕೆ ಗೇಕೊ. ಎದ್ದು ಕಾಣುವ ಬಣ್ಣ, ಹೂವು, ಜೋಲುವ ಪಟ್ಟಿ ಎಲ್ಲವೂ ಹೋಗುತ್ತವೆ. ಇನ್ನು ಆಕೆಯನ್ನು ಕಾಯುವುದು ಕಲಿತ ವಿದ್ಯೆ ಮಾತ್ರ.

ಮುಗಿಯದ ಪಾಠ

ಆ ವಿದ್ಯೆ ಯಾವುದು? ಮೊದಲನೆಯದು ನೃತ್ಯ. ಗಿಯಾನ್ ಕೋಬುವಿನಲ್ಲಿ ಇನೊಯುಯೆ ಎಂಬ ಒಂದೇ ಶೈಲಿಗೆ ಅವಕಾಶ. ಎರಡು ಶತಮಾನಗಳಿಂದ ಹೆಂಗಸರೇ ನಡೆಸಿಕೊಂಡು ಬಂದ ಈ ಪರಂಪರೆಯ ಮುಖ್ಯಸ್ಥೆಗೆ ಇನೊಯುಯೆ ಯಾಚಿಯೊ ಎಂಬ ಹೆಸರು ಪಾರಂಪರ್ಯವಾಗಿ ಬರುತ್ತದೆ. ನಾಲ್ಕನೆಯ ಮತ್ತು ಐದನೆಯ ಯಾಚಿಯೊ ಇಬ್ಬರನ್ನೂ ಜಪಾನ್ ಸರ್ಕಾರ ಜೀವಂತ ರಾಷ್ಟ್ರೀಯ ಸಂಪತ್ತು ಎಂದು ಗೌರವಿಸಿದೆ. 1872ರಲ್ಲಿ ಕ್ಯೋಟೊದ ವಸ್ತುಪ್ರದರ್ಶನಕ್ಕಾಗಿ ಮೂರನೆಯ ಯಾಚಿಯೊ ಸಂಯೋಜಿಸಿದ ‘ಮಿಯಾಕೊ ಓದೊರಿ’ ಎಂಬ ಸಮೂಹ ನೃತ್ಯ ಇಂದಿಗೂ ಪ್ರತಿ ಏಪ್ರಿಲ್‌ನಲ್ಲಿ ನಡೆಯುತ್ತದೆ. ಯುದ್ಧದ ಕೊನೆಯ ವರ್ಷಗಳಲ್ಲಿ ನಿಂತಿದ್ದ ಅದು ಕೊರೋನಾದಿಂದಾಗಿ 2020ರಲ್ಲಿ ಮತ್ತೆ ರದ್ದಾಗಿತ್ತು.

ನೃತ್ಯದ ಜೊತೆಗೆ ಮೂರು ತಂತಿಯ ಶಮಿಸೆನ್, ಕೊಳಲು, ಕೈಯಲ್ಲಿ ಹಿಡಿದು ಬಾರಿಸುವ ಚಿಕ್ಕ ಡೋಲು, ಹಲವು ಬಗೆಯ ಹಾಡುಗಾರಿಕೆ, ಚಹಾ ವಿಧಿ, ಕುಂಚದ ಬರವಣಿಗೆ. ಗಿಯಾನ್‌ನಲ್ಲಿ ಇದಕ್ಕೆಂದೇ ಶಾಲೆಯಿದೆ. ಮೈಕೊ ಅಲ್ಲಿಗೆ ಹೋಗುವಂತೆಯೇ ಎಂಬತ್ತು ದಾಟಿದ ಗೇಕೊ ಕೂಡ ಹೋಗುತ್ತಾರೆ. ಪದವಿ ಪಡೆದು ಹೊರಬೀಳುವ ದಿನ ಎಂಬುದೇ ಇಲ್ಲ. ಗೇಕೊಗಳಲ್ಲಿ ನರ್ತಿಸುವವರು, ನುಡಿಸುವವರು ಎಂದು ಎರಡು ಪಂಗಡ. ನುಡಿಸುವವರು ಪಳಗಲು ಹೆಚ್ಚು ವರ್ಷ ಬೇಕು, ಹೊಗಳಿಕೆ ಕಡಿಮೆ. ಆದರೆ ಅವರಿಲ್ಲದೆ ನೃತ್ಯವಿಲ್ಲ.

ಶಾಲೆಯಲ್ಲಿ ಕಲಿಸಲಾಗದ ವಿದ್ಯೆಯೊಂದಿದೆ: ಮಾತು. ಒಂದು ಕೋಣೆಯಲ್ಲಿ ಕಾರ್ಖಾನೆಯ ಮಾಲೀಕ, ಇನ್ನೊಂದರಲ್ಲಿ ಪ್ರಾಧ್ಯಾಪಕ, ಮತ್ತೊಂದರಲ್ಲಿ ಮಂತ್ರಿ. ಯಾರೊಡನೆ ಏನು ಮಾತಾಡಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಗೊತ್ತಿರಬೇಕು. ಕೇಳಿದ್ದನ್ನು ಹೊರಗೆ ಹೇಳದಿರುವುದು ಎಲ್ಲಕ್ಕಿಂತ ದೊಡ್ಡ ವಿದ್ಯೆ. ಈ ನಂಬಿಕೆ ಎಷ್ಟು ಮುಖ್ಯವೆಂದರೆ, ಕೂಟ ನಡೆಯುವ ‘ಓಚಾಯಾ’ ಅಂದರೆ ಚಹಾಮನೆಗಳಿಗೆ ಪರಿಚಿತರ ಶಿಫಾರಸಿಲ್ಲದೆ ಹೊಸಬರಿಗೆ ಪ್ರವೇಶವಿಲ್ಲ.

ಇದೇ ಮೌನದ ವಿಷಯವಾಗಿ ಒಂದು ದೊಡ್ಡ ವ್ಯಾಜ್ಯವೂ ನಡೆಯಿತು. ಅಮೆರಿಕದ ಆರ್ಥರ್ ಗೋಲ್ಡನ್ 1997ರಲ್ಲಿ ಬರೆದ ‘ಮೆಮೊಯರ್ಸ್ ಆಫ್ ಎ ಗೇಶಾ’ ಕಾದಂಬರಿ ಜಗತ್ತಿನಾದ್ಯಂತ ಮಾರಾಟವಾಯಿತು. ಅದಕ್ಕಾಗಿ ಅವರು ಸಂದರ್ಶಿಸಿದವರಲ್ಲಿ ಗಿಯಾನ್‌ನ ಹೆಸರಾಂತ ಗೇಕೊ ಆಗಿದ್ದ ಮಿನೆಕೊ ಇವಾಸಾಕಿ ಒಬ್ಬರು. ಗುಟ್ಟಾಗಿಡುವ ಮಾತು ಕೊಟ್ಟು ತಮ್ಮ ಹೆಸರನ್ನು ಬಹಿರಂಗಪಡಿಸಿದರು, ಕನ್ಯತ್ವದ ಹರಾಜಿನಂಥ ಸಂಗತಿಗಳನ್ನು ಕಟ್ಟಿ ತಮ್ಮ ಲೋಕಕ್ಕೆ ಮಸಿ ಬಳಿದರು ಎಂದು 2001ರಲ್ಲಿ ಇವಾಸಾಕಿ ಮೊಕದ್ದಮೆ ಹೂಡಿದರು. 2003ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಈ ನಡುವೆ 2002ರಲ್ಲಿ ಅವರು ತಮ್ಮದೇ ಆತ್ಮಕಥೆ ಪ್ರಕಟಿಸಿದರು. ಎಳವೆಯಲ್ಲೇ ಓಕಿಯಾ ಸೇರಿ, ಕೀರ್ತಿಯ ತುದಿಯಲ್ಲಿದ್ದಾಗ 29ನೆಯ ವಯಸ್ಸಿನಲ್ಲಿ ವೃತ್ತಿ ಬಿಟ್ಟವರು ಅವರು. ಹೊರಗಿನವರ ತಪ್ಪು ಕಲ್ಪನೆಗಳನ್ನು ಖಂಡಿಸಿದ ಅದೇ ಇವಾಸಾಕಿ, ಒಳಗಿನ ಪದ್ಧತಿಯ ಜಡತನದ ಬಗೆಗೂ ಅಸಮಾಧಾನ ತೋಡಿಕೊಂಡಿದ್ದಾರೆ.

ಹೂವಿನ ಲೆಕ್ಕ

ಈಗ ಹಣದ ಮಾತು. ಹಿಂದೆ ಊದಿನಕಡ್ಡಿ ಉರಿದು ಮುಗಿಯುವ ಅವಧಿಯನ್ನು ಒಂದು ಅಳತೆಯಾಗಿಟ್ಟು ಗೇಶಾಳ ಶುಲ್ಕವನ್ನು ಲೆಕ್ಕ ಹಾಕುತ್ತಿದ್ದರು. ಈಗ ಗಡಿಯಾರ ಬಂದಿದೆ; ‘ಹೂವಿನ ಹಣ’ ಎಂಬ ಹೆಸರು ಮಾತ್ರ ಉಳಿದಿದೆ. ಅತಿಥಿ ಅಲ್ಲಿಯೇ ಹಣ ತೆರುವುದಿಲ್ಲ. ಚಹಾಮನೆ ಆಮೇಲೆ ಬಿಲ್ ಕಳುಹಿಸುತ್ತದೆ. ಮೈಕೊ ಗಳಿಸಿದ ಶುಲ್ಕ ಆಕೆಯ ಕೈಗೆ ಬರುವುದಿಲ್ಲ, ಓಕಿಯಾಕ್ಕೆ ಹೋಗುತ್ತದೆ. ಏಕೆಂದರೆ ಆಕೆಯ ಊಟ, ವಸತಿ, ಪಾಠ, ಒಂದೊಂದಕ್ಕೆ ಲಕ್ಷಾಂತರ ಯೆನ್ ಬೀಳುವ ಕಿಮೊನೊಗಳು ಎಲ್ಲವನ್ನೂ ಓಕಿಯಾ ಭರಿಸಿದೆ. ಆಕೆಗೆ ಸಿಗುವುದು ಕೈಖರ್ಚಿನ ಕಾಸು, ತಿಂಗಳಿಗೆ ಎರಡು ದಿನದ ರಜೆ. ಐದಾರು ವರ್ಷದ ಈ ಅವಧಿ ಮುಗಿದು ಋಣ ತೀರಿದ ಮೇಲೆ ಆಕೆ ಸ್ವತಂತ್ರ ಗೇಕೊ. ಬೇರೆ ಮನೆ ಮಾಡಬಹುದು, ಗಳಿಕೆ ತನ್ನದು, ಕಿಮೊನೊದ ಖರ್ಚೂ ತನ್ನದು.

ಓಕಿಯಾಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಹದಿನೈದರ ಹುಡುಗಿಗೆ ಐದಾರು ವರ್ಷ ಅತ್ಯುತ್ತಮ ಗುರುಗಳಿಂದ ಪಾಠ ಹೇಳಿಸಿ, ರೇಷ್ಮೆ ಉಡಿಸಿ, ಮಗಳಂತೆ ಸಾಕುವ ಶಾಲೆ ಇನ್ನೆಲ್ಲಿದೆ? ಅರ್ಧದಲ್ಲೇ ಬಿಟ್ಟುಹೋದವಳಿಂದ ಆಗುವ ನಷ್ಟ ಮನೆಯದೇ ತಾನೇ? ಆದರೆ 2022ರ ಜೂನ್‌ನಲ್ಲಿ ಮಾಜಿ ಮೈಕೊ ಒಬ್ಬಳು ಸಾಮಾಜಿಕ ಜಾಲತಾಣದಲ್ಲಿ ಬರೆದ ಮಾತುಗಳು ಈ ವಾದದ ಇನ್ನೊಂದು ಮಗ್ಗುಲನ್ನು ತೋರಿಸಿದವು. ಹದಿನಾರನೆಯ ವಯಸ್ಸಿನಲ್ಲಿ ತನಗೆ ಹೇರಳವಾಗಿ ಮದ್ಯ ಕುಡಿಸಲಾಯಿತು, ಗಿರಾಕಿಗಳ ಜೊತೆ ಸ್ನಾನಕ್ಕೆ ಇಳಿಯುವಂತೆ ಒತ್ತಾಯ ಬಂತು ಎಂಬುದು ಆಕೆಯ ಆರೋಪ. ಜಪಾನಿನಲ್ಲಿ ಮದ್ಯ ಸೇವನೆಗೆ ಇಪ್ಪತ್ತು ತುಂಬಿರಬೇಕು. ಹದಿನೆಂಟರ ಒಳಗಿನವರನ್ನು ರಾತ್ರಿ ಹತ್ತರ ನಂತರ ದುಡಿಸಲು ಕಾರ್ಮಿಕ ಕಾಯ್ದೆ ಬಿಡುವುದಿಲ್ಲ.

ಆರೋಪ ದೇಶದಲ್ಲೆಲ್ಲ ಚರ್ಚೆಗೆ ಕಾರಣವಾಯಿತು. ಇಂಥದ್ದು ತಮ್ಮ ಮನೆಯಲ್ಲಿ ನಡೆದಿಲ್ಲ ಎಂದವರೂ ಉಂಟು, ಹೀಗೆ ನಡೆಯುತ್ತಿದ್ದುದು ಗೊತ್ತಿದ್ದದ್ದೇ ಎಂದವರೂ ಉಂಟು. ಎಲ್ಲದರ ತಿರುಳು ಒಂದೇ ಪ್ರಶ್ನೆ: ಮೈಕೊ ವಿದ್ಯಾರ್ಥಿನಿಯೋ ಕಾರ್ಮಿಕಳೋ? ವಿದ್ಯಾರ್ಥಿನಿ ಎಂದಾದರೆ ಆಕೆಯ ಹೆಸರಿನಲ್ಲಿ ಗಿರಾಕಿಗಳಿಂದ ಶುಲ್ಕ ಪಡೆಯುವುದು ಹೇಗೆ? ಕಾರ್ಮಿಕಳು ಎಂದಾದರೆ ಸಂಬಳವೆಲ್ಲಿ, ಕೆಲಸದ ವೇಳೆ ಎಲ್ಲಿ? ಮಾರಾಟ ನಿಂತು ಸಮ್ಮತಿ ಬಂದಿದೆ ನಿಜ. ಆದರೆ ಹದಿನೈದರ ಹುಡುಗಿ ಕೊಟ್ಟ ಸಮ್ಮತಿ, ಹದಿನೇಳರಲ್ಲಿ ಬೇಡವೆನಿಸಿದಾಗ ಹಿಂತೆಗೆದುಕೊಳ್ಳಲು ಆಗುವಂಥದ್ದೇ? ಅಮ್ಮ, ಅಕ್ಕ ಎಂದು ಕರೆದವರ ಮುಂದೆ ‘ಇದು ಸರಿಯಲ್ಲ’ ಎನ್ನುವುದು ಯಜಮಾನನ ಮುಂದೆ ಹೇಳುವುದಕ್ಕಿಂತ ಕಷ್ಟ.

ಬೇರೆ ದಾರಿಗಳು

ಕ್ಯೋಟೊ ಬಿಟ್ಟು ಬೇರೆಡೆ ದಾರಿ ತುಸು ಸಡಿಲ. ಟೋಕಿಯೊದ ಶಿಂಬಾಶಿ, ಅಸಾಕುಸಾ, ಕಾಗುರಾಜಾಕಾಗಳಲ್ಲಿ ಹದಿನೆಂಟು ದಾಟಿದವರು, ಕಾಲೇಜು ಮುಗಿಸಿದವರು, ಬೇರೆ ಉದ್ಯೋಗ ಬಿಟ್ಟು ಬಂದವರೂ ಸೇರುತ್ತಾರೆ. ಕಲಿಕೆಯ ಅವಧಿ ಅಲ್ಲಿ ಚಿಕ್ಕದು. ಮೈಕೊಗಳಂತೆ ವರ್ಷಗಟ್ಟಲೆ ವೇಷ ಹೊರಬೇಕಾಗಿಲ್ಲ.

ಹೊರದೇಶದವರೂ ಬಾಗಿಲು ತಟ್ಟಿದ್ದಾರೆ. ಅಮೆರಿಕದ ಮಾನವಶಾಸ್ತ್ರಜ್ಞೆ ಲೀಸಾ ಡಾಲ್ಬಿ 1970ರ ದಶಕದ ನಡುವಿನಲ್ಲಿ ಸಂಶೋಧನೆಗಾಗಿ ಪೊಂಟೊಚೊದಲ್ಲಿದ್ದು ಗೇಶಾಗಳ ಜೊತೆ ಕೂಟಗಳಲ್ಲಿ ಭಾಗವಹಿಸಿದರು; 1983ರಲ್ಲಿ ಬಂದ ಅವರ ಪುಸ್ತಕ ಈ ವಿಷಯದಲ್ಲಿ ಇಂದಿಗೂ ಮಾನ್ಯ. ಆಸ್ಟ್ರೇಲಿಯಾದ ಫಿಯೋನಾ ಗ್ರಹಾಮ್ 2007ರಲ್ಲಿ ಅಸಾಕುಸಾದಲ್ಲಿ ‘ಸಾಯುಕಿ’ ಎಂಬ ಹೆಸರಿನಿಂದ ವಿಧಿವತ್ತಾಗಿ ಪಾದಾರ್ಪಣೆ ಮಾಡಿದರು. ಕೆಲವು ವರ್ಷಗಳ ನಂತರ ಅಲ್ಲಿನ ಗೇಶಾ ಸಂಘದೊಡನೆ ಮನಸ್ತಾಪವಾಗಿ ಹೊರಬಂದು ಸ್ವತಂತ್ರವಾಗಿ ವೃತ್ತಿ ನಡೆಸಿದ ಅವರು 2023ರಲ್ಲಿ ತೀರಿಕೊಂಡರು. ಭಾಷೆ, ನೃತ್ಯ, ವಾದ್ಯ ಎಲ್ಲ ಬಂದರೂ ಸಂಘದ, ಅಕ್ಕಂದಿರ ಅಂಗೀಕಾರವಿಲ್ಲದೆ ಈ ಲೋಕದಲ್ಲಿ ನೆಲೆಯಿಲ್ಲ ಎಂಬುದನ್ನು ಅವರ ಕಥೆ ಹೇಳುತ್ತದೆ.

1920ರ ದಶಕದಲ್ಲಿ ಜಪಾನಿನಲ್ಲಿ ಸುಮಾರು 80,000 ಗೇಶಾಗಳಿದ್ದರು. ಇಂದು ಸಾವಿರದ ಆಸುಪಾಸು ಎನ್ನುತ್ತಾರೆ. ಕ್ಯೋಟೊದ ಐದೂ ಬೀದಿ ಸೇರಿದರೆ ಕೆಲವು ನೂರು. ಇತ್ತ ಗೇಶಾಗಳು ಕಡಿಮೆಯಾದಂತೆ ಅತ್ತ ನೋಡಲು ಬರುವವರು ಹೆಚ್ಚಿದ್ದಾರೆ. ಕೂಟಕ್ಕೆ ಹೊರಟ ಮೈಕೊಗಳನ್ನು ಬೆನ್ನಟ್ಟಿ ತೋಳು ಹಿಡಿದೆಳೆದು ಫೋಟೊ ತೆಗೆಯುವ ಪ್ರವಾಸಿಗರ ಕಾಟ ತಾಳದೆ ಗಿಯಾನ್‌ನ ನಿವಾಸಿಗಳು 2019ರಲ್ಲಿ ಖಾಸಗಿ ಓಣಿಗಳಲ್ಲಿ ಛಾಯಾಗ್ರಹಣ ನಿಷೇಧಿಸಿ 10,000 ಯೆನ್ ದಂಡದ ಫಲಕ ಹಾಕಿದರು. 2024ರಲ್ಲಿ ಕೆಲವು ಓಣಿಗಳಿಗೆ ಪ್ರವಾಸಿಗರ ಪ್ರವೇಶವನ್ನೇ ತಡೆದರು. ಫೋಟೊಗಾಗಿ ಓಡುವವರು ಹುಡುಕುವುದು ಕೆಂಪು ಕೊರಳ ಪಟ್ಟಿಯ ಹುಡುಗಿಯನ್ನು. ಪಕ್ಕದಲ್ಲೇ ಸಾದಾ ಕಿಮೊನೊ ತೊಟ್ಟು, ಶಮಿಸೆನ್ ಹಿಡಿದು ಹೋಗುವ ಐವತ್ತರ ಗೇಕೊ ಯಾರ ಕಣ್ಣಿಗೂ ಬೀಳುವುದಿಲ್ಲ.

ಗೇಶಾ ಮದುವೆಯಾದರೆ ವೃತ್ತಿ ಬಿಡಬೇಕು, ಬೇಡವೆನಿಸಿದಾಗಲೂ ಬಿಡಬಹುದು. ಹಾಗೆ ಬಿಡುವವಳು ಗುರುಗಳಿಗೆ, ಅಕ್ಕಂದಿರಿಗೆ, ಚಹಾಮನೆಗಳಿಗೆ ಅನ್ನದ ಪೆಟ್ಟಿಗೆ ಕಳುಹಿಸುವ ವಾಡಿಕೆಯಿತ್ತು. ಅನ್ನ ಬರೀ ಬೆಳ್ಳಗಿದ್ದರೆ ಇನ್ನು ಮರಳುವುದಿಲ್ಲ ಎಂದರ್ಥ. ಅದರಲ್ಲಿ ತುಸು ಕೆಂಪು ಕಾಳು ಬೆರೆತಿದ್ದರೆ, ಎಂದಾದರೂ ಮರಳಿ ಬಂದೇನು ಎಂಬ ಸೂಚನೆ. ಹೋಗುವವಳಿಗೆ ಬಾಗಿಲನ್ನು ತುಸು ತೆರೆದಿಟ್ಟ ಪದ್ಧತಿ ಇದು. ಒಳಗೆ ಬರುವ ಹದಿನೈದರ ಹುಡುಗಿಗೂ, ಸಾಲದ ಲೆಕ್ಕವಿಲ್ಲದೆ, ತಲೆ ತಗ್ಗಿಸದೆ ಹೊರಗೆ ಹೋಗುವ ಬಾಗಿಲು ಅಷ್ಟೇ ತೆರೆದಿರಬೇಕಲ್ಲವೇ? ಹಾಗಿದ್ದಾಗ ಒಳಗೆ ಉಳಿಯುವವರು ಕಲೆಗಾಗಿಯೇ ಉಳಿದವರು ಎಂದು ಧೈರ್ಯವಾಗಿ ಹೇಳಬಹುದು.